ತಡವಾಗಿ ಹಣ್ಣಾಗುವ ಹೈಬುಷ್ ಬ್ಲೂಬೆರಿ: ಮನೆ ತೋಟಕ್ಕೊಂದು ಸಮಗ್ರ ಮಾರ್ಗದರ್ಶಿ

ಹೈಬುಷ್ ಅಂದರೆ ಎತ್ತರದ ಪೊದೆಯಾಗಿ ಬೆಳೆಯುವ ಬ್ಲೂಬೆರಿ. ಸಾಮಾನ್ಯ ಬ್ಲೂಬೆರಿ ಗಿಡಗಳು ಉತ್ತರ ಗೋಳಾರ್ಧದಲ್ಲಿ ಜೂನ್ ಕೊನೆಗೆ ಹಣ್ಣು ಕೊಡಲು ಶುರುಮಾಡಿ ಜುಲೈ ಮುಗಿಯುವಷ್ಟರಲ್ಲಿ ಖಾಲಿಯಾಗುತ್ತವೆ. ತಡದ ತಳಿಗಳು ಆಗ ಇನ್ನೂ ಹಸಿರು ಕಾಯಿ ಹೊತ್ತು ನಿಂತಿರುತ್ತವೆ. ಅವುಗಳ ಸರದಿ ಬರುವುದು ಆಗಸ್ಟ್‌ನಲ್ಲಿ. ಕೆಲವು ಸೆಪ್ಟೆಂಬರ್‌ವರೆಗೂ ಎಳೆಯುತ್ತವೆ. ಒಂದೆರಡು ಬೇಗದ ತಳಿ, ಒಂದೆರಡು ತಡದ ತಳಿ ಇಟ್ಟುಕೊಂಡರೆ ಬೇಸಿಗೆಯ (ಚಳಿ ನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್) ಉದ್ದಕ್ಕೂ ಹಣ್ಣು ಸಿಗುತ್ತದೆ.

ಬೆಳೆಸುವ ಕ್ರಮ ಎರಡಕ್ಕೂ ಒಂದೇ ಅಂತ ಅನಿಸಬಹುದು. ಮಣ್ಣಿನ ಮಟ್ಟಿಗೆ ಅದು ನಿಜ. ಆದರೆ ಬೇಸಿಗೆಯ ಕೊನೆಯಲ್ಲಿ ತಡದ ಗಿಡಕ್ಕೆ ಮೂರು ಕೆಲಸ ಒಟ್ಟಿಗೆ ಬೀಳುತ್ತವೆ. ಈ ವರ್ಷದ ಹಣ್ಣನ್ನು ಮಾಗಿಸಬೇಕು, ಮುಂದಿನ ವರ್ಷದ ಹೂಮೊಗ್ಗು ಕಟ್ಟಬೇಕು, ಚಳಿಗೂ ಸಿದ್ಧವಾಗಬೇಕು. ಬೇಗದ ತಳಿಗೆ ಹಣ್ಣಿನ ಹೊರೆ ಅಷ್ಟರಲ್ಲಿ ಇಳಿದಿರುತ್ತದೆ. ನೀರು, ಗೊಬ್ಬರ, ಸವರುವಿಕೆ, ಬಲೆ, ಇವೆಲ್ಲದರ ಲೆಕ್ಕ ತಡದ ತಳಿಗೆ ಸ್ವಲ್ಪ ಬೇರೆಯಾಗುವುದು ಇದಕ್ಕೇ.

ಮೊದಲು ಹವಾಮಾನ

ಉತ್ತರದ ಹೈಬುಷ್ ಬ್ಲೂಬೆರಿಗೆ ಚಳಿ ಬೇಕೇ ಬೇಕು. ಉಷ್ಣತೆ 0ರಿಂದ 7 ಡಿಗ್ರಿ ಸೆಲ್ಸಿಯಸ್ ನಡುವೆ ಇರುವ ಗಂಟೆಗಳು ಒಂದು ಚಳಿಗಾಲದಲ್ಲಿ ಒಟ್ಟು 800ರಿಂದ 1000 ಆಗಬೇಕು. ಅಷ್ಟು ಸಿಗದಿದ್ದರೆ ಮೊಗ್ಗುಗಳು ಒಂದೊಂದಾಗಿ, ಅರೆಬರೆಯಾಗಿ ಒಡೆಯುತ್ತವೆ, ಕೆಲವು ಒಡೆಯುವುದೇ ಇಲ್ಲ. ಚಳಿ ಕಡಿಮೆ ಇರುವಲ್ಲಿ ಗೊಬ್ಬರ ಹಾಕಿ ಇದನ್ನು ಸರಿಮಾಡಲು ಆಗುವುದಿಲ್ಲ. ಅಂಥ ಕಡೆ ಕಡಿಮೆ ಚಳಿ ಸಾಕಾಗುವ ದಕ್ಷಿಣದ ಹೈಬುಷ್ ತಳಿಗಳನ್ನೇ ನೋಡಬೇಕು.

ಇನ್ನೊಂದು ತುದಿಯ ಸಮಸ್ಯೆಯೂ ಇದೆ. ಚಳಿ ಚೆನ್ನಾಗಿದೆ, ಆದರೆ ಬೇಸಿಗೆ ತೀರಾ ಚಿಕ್ಕದು. ತಡದ ತಳಿ ಪೂರ್ತಿ ಮಾಗಲು ವರ್ಷದಲ್ಲಿ ಸುಮಾರು 160 ದಿನ ಹಿಮ (ಅಂದರೆ ರಾತ್ರಿ ಇಬ್ಬನಿ ಹೆಪ್ಪುಗಟ್ಟುವಂಥ ಚಳಿ) ಬೀಳದೆ ಇರಬೇಕು. ಸೆಪ್ಟೆಂಬರ್ ಮೊದಲ ವಾರಗಳಲ್ಲೇ ಹಿಮ ಬೀಳುವ ಜಾಗವಾದರೆ ತೀರಾ ತಡದ ತಳಿಗಳ ಆಸೆ ಬಿಟ್ಟು ನಡುಗಾಲದ ತಳಿ ಹಾಕುವುದು ವಾಸಿ.

ತಳಿ ಆರಿಸುವುದು

ಎಲಿಯಟ್: ತಡದ ತಳಿ ಅಂದ ಕೂಡಲೇ ಬರುವ ಹೆಸರು. ಅಮೆರಿಕದ ಕೃಷಿ ಇಲಾಖೆ 1973ರಲ್ಲಿ ಬಿಡುಗಡೆ ಮಾಡಿದ್ದು. ಗಿಡ ನೆಟ್ಟಗೆ ಬೆಳೆಯುತ್ತದೆ, ಫಸಲು ಧಾರಾಳ. ರುಚಿ ಮಾತ್ರ ಹುಳಿ ಕಡೆಗೆ. ನೀಲಿ ಬಣ್ಣ ಬಂದ ಮೇಲೂ ಹಲವು ದಿನ ಹುಳಿ ಇಳಿಯುವುದಿಲ್ಲ. ಎಲಿಯಟ್ ಹುಳಿ ಅಂತ ಬೈಯುವವರಲ್ಲಿ ಹೆಚ್ಚಿನವರು ಅವಸರಕ್ಕೆ ಕಿತ್ತವರು.

ಲಿಬರ್ಟಿ ಮತ್ತು ಅರೋರಾ: ಎರಡೂ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದವು. ಲಿಬರ್ಟಿ ಎಲಿಯಟ್‌ಗಿಂತ ಕೆಲವು ದಿನ ಮೊದಲು ಬರುತ್ತದೆ, ರುಚಿಯಲ್ಲಿ ಒಂದು ಕೈ ಮೇಲೆ. ಅರೋರಾ ಎಲಿಯಟ್‌ಗಿಂತಲೂ ಹಿಂದೆ, ಹುಳಿಯೂ ಜಾಸ್ತಿ.

ಚಾಂಡ್ಲರ್: 1994ರ ತಳಿ, ಬಹಳ ದೊಡ್ಡ ಹಣ್ಣು. ಎಲ್ಲಕ್ಕಿಂತ ಕೊನೆಯದೇನಲ್ಲ, ಆದರೆ ಒಂದೇ ಗಿಡದಲ್ಲಿ ತಿಂಗಳಿಗೂ ಮೀರಿ ಸ್ವಲ್ಪ ಸ್ವಲ್ಪವೇ ಹಣ್ಣಾಗುತ್ತದೆ. ವ್ಯಾಪಾರಕ್ಕೆ ಬೆಳೆಯುವವರಿಗೆ ಇದು ಕಿರಿಕಿರಿ, ಮನೆಯವರಿಗೆ ಅನುಕೂಲ. ಆಸ್ಟ್ರೇಲಿಯಾದ ಬ್ರಿಗಿಟಾ ಹಣ್ಣು ಗಟ್ಟಿ, ಫ್ರಿಜ್‌ನಲ್ಲಿ ಚೆನ್ನಾಗಿ ತಡೆಯುತ್ತದೆ.

ಜಾಗ ಇರುವುದು ಎರಡೇ ಗಿಡಕ್ಕೆ ಅಂದರೆ ನನ್ನ ಆಯ್ಕೆ ಲಿಬರ್ಟಿ ಮತ್ತು ಎಲಿಯಟ್. ಮೂರನೆಯದಕ್ಕೂ ಜಾಗವಿದ್ದರೆ ಗಿಡದಿಂದಲೇ ಕಿತ್ತು ತಿನ್ನಲು ಚಾಂಡ್ಲರ್. ಒಂದೇ ಗಿಡ ಇದ್ದರೂ ಹೈಬುಷ್ ಕಾಯಿ ಕಟ್ಟುತ್ತದೆ. ಆದರೆ ಪಕ್ಕದಲ್ಲಿ ಅದೇ ಹೊತ್ತಿಗೆ ಹೂ ಬಿಡುವ ಬೇರೆ ತಳಿ ಇದ್ದರೆ ಹಣ್ಣು ದಪ್ಪವಾಗುತ್ತದೆ, ಬೇಗವೂ ಮಾಗುತ್ತದೆ. ಹಿಮದ ಜೊತೆ ಓಟಕ್ಕೆ ಬಿದ್ದ ತಳಿಗೆ ಈ ಕೆಲವು ದಿನ ದೊಡ್ಡ ಲಾಭವೇ.

ಮಣ್ಣು: ಇಲ್ಲಿ ಆತುರ ಬೇಡ

ಬ್ಲೂಬೆರಿ ಮೂಲತಃ ಪೂರ್ವ ಉತ್ತರ ಅಮೆರಿಕದ ಜೌಗು, ಹುಳಿ ಮಣ್ಣಿನ ಗಿಡ. ಒಳ್ಳೆಯ ತೋಟದ ಮಣ್ಣಿನಲ್ಲಿ ಅದು ಯಾಕೆ ಸಾಯುತ್ತದೆ ಅಂತ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ತಮ್ಮ ಪ್ರಯೋಗಗಳನ್ನು 1910ರಲ್ಲಿ ಪ್ರಕಟಿಸಿ, ಇದಕ್ಕೆ ಆಮ್ಲೀಯ ಮಣ್ಣೇ ಬೇಕು ಎಂದು ತೋರಿಸಿದರು. ನ್ಯೂಜೆರ್ಸಿಯ ಕೃಷಿಕೆ ಎಲಿಜಬೆತ್ ವೈಟ್ ಅವರ ಜೊತೆ ಸೇರಿ ಕಾಡಿನಿಂದ ಒಳ್ಳೆಯ ಗಿಡಗಳನ್ನು ಆರಿಸಿ ಬೆಳೆಸಿದರು. 1916ರಲ್ಲಿ ಮೊದಲ ತೋಟದ ಫಸಲು ಮಾರಾಟಕ್ಕೆ ಹೋಯಿತು. ಅದಕ್ಕೂ ಮೊದಲು ತಿಂದದ್ದೆಲ್ಲ ಕಾಡುಹಣ್ಣೇ.

ಬೇಕಾದ ಪಿಎಚ್ (ಮಣ್ಣಿನ ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 4.5ರಿಂದ 5.5. ನಾನು 5ರ ಆಸುಪಾಸು ಗುರಿ ಇಡಿ ಎನ್ನುತ್ತೇನೆ. 5.5ಕ್ಕಿಂತ ಮೇಲೆ ಹೋದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರು ಉಳಿಯುತ್ತವೆ. ಆದ್ದರಿಂದ ಸಸಿ ತರುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ. ಅಂದಾಜು ಇಲ್ಲಿ ನಡೆಯುವುದಿಲ್ಲ.

ಪಿಎಚ್ ಇಳಿಸಲು ಗಂಧಕದ ಪುಡಿ ಬಳಸಿ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನಿಧಾನವಾಗಿ ಆಮ್ಲವಾಗಿ ಬದಲಿಸುತ್ತವೆ. ಅವಕ್ಕೆ ತೇವ ಬೇಕು, ಬಿಸಿ ಬೇಕು, ಸಮಯ ಬೇಕು. ನೆಡುವುದಕ್ಕೆ ಆರು ತಿಂಗಳಿಂದ ಒಂದು ವರ್ಷ ಮೊದಲೇ ಹಾಕಬೇಕು. ಪಿಎಚ್ 6ರಿಂದ 4.5ಕ್ಕೆ ಇಳಿಸಲು ಮರಳು ಮಣ್ಣಿಗೆ ಚದರ ಮೀಟರ್‌ಗೆ ಸುಮಾರು 60 ಗ್ರಾಂ ಸಾಕು. ಗೋಡು ಮಣ್ಣಿಗೆ ಸುಮಾರು 170 ಗ್ರಾಂ ಬೇಕು. ಮೇಲಿನ 15ರಿಂದ 20 ಸೆಂ.ಮೀ. ಮಣ್ಣಿನಲ್ಲಿ ಬೆರೆಸಿ, ನೆಡುವ ಮುಂಚೆ ಮತ್ತೊಮ್ಮೆ ಅಳೆಯಿರಿ. ಗಿಡ ನೆಟ್ಟ ಮೇಲೆ ಸರಿಪಡಿಸಬೇಕಾಗಿ ಬಂದರೆ ಒಂದು ಸಲಕ್ಕೆ ಚದರ ಮೀಟರ್‌ಗೆ 50 ಗ್ರಾಂ ಮೀರಬೇಡಿ.

ಪಿಎಚ್ 7 ದಾಟಿ ಮಣ್ಣಿನಲ್ಲಿ ಸುಣ್ಣದ ಅಂಶವೂ ಇದ್ದರೆ ಗುದ್ದಾಡಬೇಡಿ. ಎಷ್ಟು ಗಂಧಕ ಸುರಿದರೂ ಸುಣ್ಣ ಅದನ್ನು ತಿಂದುಹಾಕುತ್ತದೆ. ದೊಡ್ಡ ಕುಂಡದಲ್ಲಿ ಬೆಳೆಸಿ.

ಕಾಫಿ ಚರಟ, ವಿನೆಗರ್, ಪೈನ್ ಎಲೆ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಅನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ಸೋಸಿದ ಕಾಫಿ ಚರಟದಲ್ಲಿ ಆಮ್ಲ ಹೆಚ್ಚೇನೂ ಉಳಿದಿರುವುದಿಲ್ಲ. ವಿನೆಗರ್ ಪರಿಣಾಮ ಬಹಳ ಬೇಗ ಹೋಗುತ್ತದೆ. ಪೈನ್ ಎಲೆ ಹೊದಿಕೆಗೆ ಒಳ್ಳೆಯದು, ಪಿಎಚ್ ಇಳಿಸಲು ಅಲ್ಲ.

ಬೇರಿನ ಬಗ್ಗೆ ಒಂದು ಮಾತು. ಬ್ಲೂಬೆರಿ ಬೇರು ಕೂದಲಿನಂತೆ ತೆಳು. ಬೇರೆ ಗಿಡಗಳಿಗಿರುವ ಬೇರುರೋಮ ಇದಕ್ಕಿಲ್ಲ. ಹೆಚ್ಚಿನ ಬೇರು ಮೇಲಿನ 30 ಸೆಂ.ಮೀ. ಒಳಗೇ ಇರುತ್ತದೆ. ಹಾಗಾಗಿ ಒಣಗುವುದೂ ಬೇಗ, ನೀರು ನಿಂತರೆ ಕೊಳೆಯುವುದೂ ಬೇಗ. ಜೇಡಿ ಮಣ್ಣಾದರೆ 20ರಿಂದ 30 ಸೆಂ.ಮೀ. ಎತ್ತರದ ಮಡಿ ಮಾಡಿಯೇ ನೆಡಿ.

ನೆಡುವುದು

ಎರಡು ಅಥವಾ ಮೂರು ವರ್ಷದ ಸಸಿ ತನ್ನಿ. ಚಳಿ ಕಳೆದು ಮಣ್ಣು ಅಗೆಯಲು ಬರುವ ಹೊತ್ತು ನೆಡಲು ಸರಿಯಾದ ಕಾಲ. ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೀಳುವ ಜಾಗವಿರಲಿ. ತಡದ ತಳಿಗೆ ಇದರಲ್ಲಿ ರಾಜಿ ಬೇಡ, ಏಕೆಂದರೆ ಹಣ್ಣು ಮಾಗುವ ಹೊತ್ತಿಗೆ ಸೂರ್ಯ ಕೆಳಗಿಳಿದು ನೆರಳು ಉದ್ದವಾಗಿರುತ್ತದೆ. ಜೂನ್‌ನಲ್ಲಿ ಬಿಸಿಲಿದ್ದ ಜಾಗ ಸೆಪ್ಟೆಂಬರ್‌ನಲ್ಲಿ ಗೋಡೆಯ ನೆರಳಿಗೆ ಬಿದ್ದಿರಬಹುದು.

1. ಸುಮಾರು 30 ಸೆಂ.ಮೀ. ಆಳ, 50ರಿಂದ 60 ಸೆಂ.ಮೀ. ಅಗಲದ ಗುಂಡಿ ತೋಡಿ. ಗಿಡದಿಂದ ಗಿಡಕ್ಕೆ 1.2ರಿಂದ 1.5 ಮೀಟರ್ ಇರಲಿ.
2. ತೆಗೆದ ಮಣ್ಣಿಗೆ ಅಷ್ಟೇ ಪ್ರಮಾಣದ ಪೀಟ್ ಮಾಸ್ (ಜೌಗು ನೆಲದ ಅರೆಕೊಳೆತ ಪಾಚಿ) ಬೆರೆಸಿ. ಪೀಟನ್ನು ಮೊದಲೇ ಚೆನ್ನಾಗಿ ನೆನೆಸಿರಬೇಕು. ಒಣಗಿದ್ದು ಹಾಕಿದರೆ ಆಮೇಲೆ ನೀರು ಹೀರಿಕೊಳ್ಳುವುದೇ ಕಷ್ಟ.
3. ಕುಂಡದಲ್ಲಿ ಸುತ್ತಿಕೊಂಡ ಬೇರನ್ನು ಬೆರಳಿನಿಂದ ಬಿಡಿಸಿ. ಬೇರುಗಂಟು ಹಾಗೇ ಇಟ್ಟರೆ ವರ್ಷಗಳಾದರೂ ಬೇರು ಹೊರಗೆ ಹರಡುವುದಿಲ್ಲ.
4. ಕುಂಡದಲ್ಲಿ ಇದ್ದಷ್ಟೇ ಆಳಕ್ಕೆ, ಹೆಚ್ಚೆಂದರೆ ಎರಡು ಸೆಂ.ಮೀ. ಕೆಳಗೆ ಕೂರಿಸಿ. ಗುಂಡಿಗೆ ಗೊಬ್ಬರ ಹಾಕಬೇಡಿ.
5. ನೀರು ಕೊಟ್ಟು, ಮರದ ಹೊಟ್ಟು ಅಥವಾ ಪೈನ್ ತೊಗಟೆಯ ಚೂರನ್ನು 8ರಿಂದ 10 ಸೆಂ.ಮೀ. ದಪ್ಪ ಹೊದಿಸಿ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ.
6. ಹೂಮೊಗ್ಗುಗಳನ್ನೆಲ್ಲ ತೆಗೆಯಿರಿ. ಎರಡನೇ ವರ್ಷವೂ ಹೀಗೇ ಮಾಡಿ.

ಕೊನೆಯದನ್ನು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ಮಾಡಿ. ಮೊದಲೆರಡು ವರ್ಷ ಗಿಡ ಬೇರು, ಕಾಂಡ ಕಟ್ಟಿಕೊಳ್ಳಲಿ. ಚೆನ್ನಾಗಿ ಬೆಳೆದ ಬ್ಲೂಬೆರಿ ಹಲವು ದಶಕ ಬದುಕುತ್ತದೆ, ಎರಡು ವರ್ಷದ ಹಣ್ಣು ಬಿಟ್ಟರೆ ನಷ್ಟವೇನಿಲ್ಲ.

ಕುಂಡದವರು ಕೊನೆಗೆ 50 ಲೀಟರ್ ಅಥವಾ ಇನ್ನೂ ದೊಡ್ಡ ಕುಂಡಕ್ಕೆ ಬರಬೇಕಾಗುತ್ತದೆ. ಪೈನ್ ತೊಗಟೆ ಮತ್ತು ಪೀಟ್ ಮಿಶ್ರಣ ಸಾಕು. ತೆಂಗಿನ ನಾರಿನ ಪುಡಿ ಬಳಸುವುದಾದರೆ ಉಪ್ಪು ಹೋಗುವಂತೆ ಚೆನ್ನಾಗಿ ತೊಳೆಯಿರಿ. ತೀವ್ರ ಚಳಿಯಲ್ಲಿ ಕುಂಡದೊಳಗಿನ ಬೇರು ನೆಲದ ಬೇರಿಗಿಂತ ಬೇಗ ಹೆಪ್ಪುಗಟ್ಟುತ್ತದೆ, ಸುತ್ತ ಏನಾದರೂ ಹೊದಿಸಿ.

ನೀರು

ವಾರಕ್ಕೆ 2.5ರಿಂದ 4 ಸೆಂ.ಮೀ. ಮಳೆಯಷ್ಟು ನೀರು ಬೇಕು. ಚದರ ಮೀಟರ್‌ಗೆ 25 ಲೀಟರ್ ಅಂದರೆ 2.5 ಸೆಂ.ಮೀ. ಆಯಿತು. ಒಮ್ಮೆಗೇ ಸುರಿಯದೆ ಎರಡು ಮೂರು ಸಲ ಕೊಡಿ. ಹನಿ ನೀರಾವರಿ ಇದ್ದರೆ ಒಳ್ಳೆಯದು. ಹಣ್ಣಿನ ಮೇಲೆ ನೀರು ಎರಚಿದರೆ ಕೊಳೆರೋಗ ಜಾಸ್ತಿ.

ತಡದ ತಳಿಗೆ ಹಣ್ಣು ಉಬ್ಬುವುದು ಬೇಸಿಗೆಯ ಅತಿ ಒಣ ವಾರಗಳಲ್ಲಿ. ಬೇಗದ ತಳಿಯ ಕೊಯ್ಲು ಮುಗಿಯಿತು ಅಂತ ಇಡೀ ಸಾಲಿಗೆ ನೀರು ಕಡಿಮೆ ಮಾಡುವವರಿದ್ದಾರೆ. ಆಗ ತಡದ ಗಿಡದಲ್ಲಿ ಕಾಯಿ ಸುರುಟುತ್ತದೆ, ಮುಂದಿನ ವರ್ಷದ ಮೊಗ್ಗೂ ಕಡಿಮೆಯಾಗುತ್ತದೆ. ಒಂದೇ ಒಣಗಾಲಕ್ಕೆ ಎರಡು ವರ್ಷದ ಫಸಲು ಹೊಡೆತ ತಿನ್ನುತ್ತದೆ. ಕೊಯ್ಲು ಮುಗಿದ ಮೇಲೂ ಎಲೆ ಉದುರುವವರೆಗೆ ಮಣ್ಣು ಒಣಗಲು ಬಿಡಬೇಡಿ.

ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಪಿಎಚ್ ಅನ್ನು ನಿಧಾನವಾಗಿ ಮೇಲಕ್ಕೆ ಎಳೆಯುತ್ತದೆ. ಸಾಧ್ಯವಿದ್ದರೆ ಮಳೆನೀರು ಹಿಡಿದಿಟ್ಟು ಕೊಡಿ. ಇಲ್ಲದಿದ್ದರೆ ವರ್ಷಕ್ಕೊಮ್ಮೆ ಪಿಎಚ್ ಅಳೆದು ಬೇಕಾದಷ್ಟು ಗಂಧಕ ಹಾಕುತ್ತಿರಿ.

ಗೊಬ್ಬರ: ಎಷ್ಟು ಅನ್ನುವುದಕ್ಕಿಂತ ಯಾವಾಗ ನಿಲ್ಲಿಸಬೇಕು

ಈ ಗಿಡ ಸಾರಜನಕವನ್ನು ಅಮೋನಿಯಂ ರೂಪದಲ್ಲಿ ಇಷ್ಟಪಡುತ್ತದೆ, ನೈಟ್ರೇಟ್ ಅಷ್ಟು ಹಿಡಿಸದು. ಅಮೋನಿಯಂ ಸಲ್ಫೇಟ್ ಹಾಕಿ, ಅದು ಪಿಎಚ್ ಇಳಿಸಲೂ ಸ್ವಲ್ಪ ಸಹಾಯ ಮಾಡುತ್ತದೆ. ಪಿಎಚ್ ಆಗಲೇ 5ಕ್ಕಿಂತ ಕೆಳಗಿದ್ದರೆ ಯೂರಿಯಾ ವಾಸಿ, ಆದರೆ ಅದರಲ್ಲಿ ಸಾರಜನಕ ಎರಡರಷ್ಟಕ್ಕೂ ಹೆಚ್ಚು, ಹಾಗಾಗಿ ಅರ್ಧಕ್ಕಿಂತ ಕಡಿಮೆ ಹಾಕಿ. ನೆಟ್ಟು ಒಂದು ತಿಂಗಳಾದ ಮೇಲೆ ಗಿಡಕ್ಕೆ 30 ಗ್ರಾಂ ಅಮೋನಿಯಂ ಸಲ್ಫೇಟ್ ಸಾಕು. ವರ್ಷಕ್ಕೆ 30 ಗ್ರಾಂನಂತೆ ಏರಿಸುತ್ತ ಹೋಗಿ, 225 ಗ್ರಾಂಗೆ ನಿಲ್ಲಿಸಿ. ಮೊಗ್ಗು ಒಡೆಯುವಾಗ ಅರ್ಧ, ಆರು ವಾರ ಬಿಟ್ಟು ಉಳಿದರ್ಧ. ಬುಡದಿಂದ ದೂರ ಉದುರಿಸಿ ತಕ್ಷಣ ನೀರು ಕೊಡಿ.

ಉತ್ತರ ಗೋಳಾರ್ಧದಲ್ಲಿ ಜುಲೈ ಶುರುವಾದ ಮೇಲೆ ಸಾರಜನಕ ಬೇಡ. ಆಗಸ್ಟ್‌ನಲ್ಲಿ ಗಿಡದ ತುಂಬ ಕಾಯಿ ನೋಡಿ ಪಾಪ, ಶಕ್ತಿ ಬೇಕೇನೋ ಅಂತ ಒಂದು ಹಿಡಿ ಹಾಕಲು ಕೈ ಹೋಗುತ್ತದೆ. ಹಾಕಿದರೆ ಎಳೆ ಚಿಗುರು ಬರುತ್ತದೆ, ಅದು ಗಟ್ಟಿಯಾಗುವ ಮೊದಲೇ ಹಿಮಕ್ಕೆ ಸುಟ್ಟುಹೋಗುತ್ತದೆ.

ಕೊಟ್ಟಿಗೆ ಗೊಬ್ಬರ, ಬೂದಿ, ಸುಣ್ಣ ಹತ್ತಿರ ತರಬೇಡಿ. ಕ್ಲೋರೈಡ್ ಇರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೂಡ ಬೇಡ. ಪೊಟ್ಯಾಷ್ ಬೇಕೇ ಬೇಕಾದರೆ ಸಲ್ಫೇಟ್ ರೂಪದ್ದು ಹಾಕಿ. ಹಸಿ ಮರದ ಹೊಟ್ಟು ಹೊದಿಸಿದ್ದರೆ ಅದು ಕೊಳೆಯುವಾಗ ಸಾರಜನಕ ಹೀರುತ್ತದೆ, ಗೊಬ್ಬರ ತುಸು ಹೆಚ್ಚಿಸಿ.

ಸವರುವುದು

ಚಳಿಗಾಲದ ಕೊನೆಯಲ್ಲಿ, ಮೊಗ್ಗು ಉಬ್ಬುವ ಮುಂಚೆ ಸವರಿ. ಆಗ ಮೊಗ್ಗು ಗುರುತಿಸುವುದು ಸುಲಭ: ಟೊಂಗೆಯ ತುದಿಯಲ್ಲಿರುವ ದಪ್ಪನೆಯವು ಹೂಮೊಗ್ಗು, ಕೆಳಗಿನ ತೆಳ್ಳಗಿನ ಚೂಪಾದವು ಎಲೆಮೊಗ್ಗು. ಹಣ್ಣು ಬರುವುದು ಹಿಂದಿನ ಬೇಸಿಗೆಯಲ್ಲಿ ಬೆಳೆದ ಟೊಂಗೆಯಲ್ಲಿ. ಒಂದು ಹೂಮೊಗ್ಗಿನಿಂದ ಐದರಿಂದ ಹತ್ತು ಹಣ್ಣು ಬರಬಹುದು.

ಮೊದಲ ಮೂರು ವರ್ಷ ಮುರಿದದ್ದು, ಒಣಗಿದ್ದು ತೆಗೆದರೆ ಸಾಕು. ಆಮೇಲೆ ಪ್ರತಿ ವರ್ಷ ಅತಿ ಹಳೆಯ ಒಂದೋ ಎರಡೋ ಕಾಂಡವನ್ನು ಬುಡದಿಂದಲೇ ಕತ್ತರಿಸಿ. ಆರು ವರ್ಷ ದಾಟಿದ ಕಾಂಡದಲ್ಲಿ ಹಣ್ಣು ಸಣ್ಣದಾಗುತ್ತದೆ. ತುಂಬು ಪ್ರಾಯದ ಗಿಡದಲ್ಲಿ ಬೇರೆ ಬೇರೆ ವಯಸ್ಸಿನ ಹನ್ನೆರಡರಿಂದ ಹದಿನೆಂಟು ಕಾಂಡ ಇರುವಂತೆ ನೋಡಿಕೊಳ್ಳಿ.

ಎಲಿಯಟ್‌ಗೆ ಕೈ ಬಿಗಿ ಹಿಡಿಯಬಾರದು. ಅದು ನೆಟ್ಟಗೆ, ಒತ್ತೊತ್ತಾಗಿ ಬೆಳೆಯುತ್ತದೆ, ಹೊತ್ತುಕೊಳ್ಳಲಾಗದಷ್ಟು ಕಾಯಿ ಕಟ್ಟುತ್ತದೆ. ನಡುವಿನ ಕಾಂಡ ತೆಗೆದು ಬೆಳಕು ಒಳಗೆ ಬರುವಂತೆ ಮಾಡಿ. ತೀರಾ ತೆಳುವಾದ ಪೊದೆ ಪೊದೆ ಕಡ್ಡಿಗಳನ್ನು ಧೈರ್ಯವಾಗಿ ಕತ್ತರಿಸಿ. ಹಣ್ಣಿನ ಸಂಖ್ಯೆ ಇಳಿಯುತ್ತದೆ ನಿಜ, ಆದರೆ ಉಳಿದದ್ದು ದಪ್ಪವಾಗುತ್ತದೆ, ಕೆಲವು ದಿನ ಮೊದಲೇ ಮಾಗುತ್ತದೆ.

ಹೂ, ದುಂಬಿ, ಬಲೆ

ಗಂಟೆಯಾಕಾರದ ಈ ಹೂವಿನ ಪರಾಗ ಸುಮ್ನೆ ಉದುರುವುದಿಲ್ಲ. ದುಂಬಿ ಹೂವಿಗೆ ಜೋತುಬಿದ್ದು ಝೇಂಕರಿಸಿ ನಡುಗಿಸಿದಾಗ ಕೇಸರದ ತುದಿಯ ರಂಧ್ರದಿಂದ ಬರುತ್ತದೆ. ಹೂ ಇರುವಾಗ ಕೀಟನಾಶಕ ಮುಟ್ಟಬೇಡಿ. ಅರಳಿದ ಹೂವು ಸುಮಾರು ಮೈನಸ್ 2 ಡಿಗ್ರಿಗೆ ಹಾಳಾಗುತ್ತದೆ, ಹಿಮದ ರಾತ್ರಿ ಬಟ್ಟೆ ಹೊದಿಸಿ.

ಹಣ್ಣು ನೀಲಿಯಾಗುವ ಮೊದಲೇ ಹಕ್ಕಿಗಳಿಗೆ ಗೊತ್ತಾಗುತ್ತದೆ. ಬಲೆಯನ್ನು ಗಿಡದ ಮೇಲೆ ಹಾಸಬೇಡಿ, ಚೌಕಟ್ಟು ಮಾಡಿ ಎತ್ತರಕ್ಕೆ ಕಟ್ಟಿ.

ತಡದ ತಳಿಯ ದೊಡ್ಡ ಶತ್ರು ಹಕ್ಕಿಯಲ್ಲ, ಡ್ರೊಸೊಫಿಲಾ ಸುಜುಕಿ ಎಂಬ ಪುಟ್ಟ ನೊಣ. ಏಷ್ಯಾ ಮೂಲದ್ದು. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಯುರೋಪಿನಲ್ಲೂ ಕಾಣಿಸಿಕೊಂಡು ವೇಗವಾಗಿ ಹರಡಿತು. ಮನೆಯ ಹಣ್ಣಿನ ನೊಣ ಕೊಳೆತ ಹಣ್ಣು ಹುಡುಕಿದರೆ, ಇದರ ಹೆಣ್ಣು ಗರಗಸದಂಥ ಅಂಗದಿಂದ ಮಾಗುತ್ತಿರುವ ಗಟ್ಟಿ ಹಣ್ಣನ್ನೇ ಕೊಯ್ದು ಮೊಟ್ಟೆ ಇಡುತ್ತದೆ. ಬೆಚ್ಚನೆಯ ಹವೆಯಲ್ಲಿ ಎರಡು ವಾರದೊಳಗೆ ಹೊಸ ಪೀಳಿಗೆ ಸಿದ್ಧ. ಹಾಗಾಗಿ ಜೂನ್‌ನ ಹಣ್ಣು ಹೆಚ್ಚಾಗಿ ತಪ್ಪಿಸಿಕೊಳ್ಳುತ್ತದೆ, ಆಗಸ್ಟ್ ಕೊನೆಯ ಹಣ್ಣು ಸಿಕ್ಕಿಬೀಳುತ್ತದೆ.

ಮನೆ ತೋಟಕ್ಕೆ ಒಳ್ಳೆಯ ದಾರಿ 1 ಮಿ.ಮೀ. ಅಥವಾ ಇನ್ನೂ ಸಣ್ಣ ಕಣ್ಣಿನ ಬಲೆ. ಹೂ ಉದುರಿ ಕಾಯಿ ಕಚ್ಚಿದ ಮೇಲೆ, ಬಣ್ಣ ಬರುವ ಮೊದಲು ಹಾಕಿ, ಅಂಚನ್ನು ಮಣ್ಣಿನಲ್ಲಿ ಹೂತುಬಿಡಿ. ತಡದ ಗಿಡಗಳನ್ನೆಲ್ಲ ಒಂದೇ ಕಡೆ ನೆಟ್ಟಿದ್ದರೆ ಒಂದೇ ಬಲೆಯಲ್ಲಿ ಮುಗಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಮಾಗಿದ್ದೆಲ್ಲ ಕೀಳಿ. ಉದುರಿದ್ದನ್ನು ಗೊಬ್ಬರದ ಗುಂಡಿಗೆ ಹಾಕದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಿ. ಹುಳು ಇದೆಯೇ ಅಂತ ಅನುಮಾನ ಬಂದರೆ ಲೀಟರ್ ನೀರಿಗೆ ಸುಮಾರು 70 ಗ್ರಾಂ ಉಪ್ಪು ಕರಗಿಸಿ, ಕೆಲವು ಹಣ್ಣನ್ನು ಹಿಚುಕಿ ಹಾಕಿ. ಇದ್ದರೆ ಕಾಲು ಗಂಟೆಯಲ್ಲಿ ಬಿಳಿ ಹುಳು ಮೇಲೆ ಬರುತ್ತವೆ.

ಇನ್ನೊಂದು ರೋಗ ಮಮ್ಮಿ ಬೆರಿ. ಹಣ್ಣು ಸುರುಟಿ ಗಟ್ಟಿಯಾಗಿ ಕೆಳಗೆ ಬೀಳುತ್ತದೆ, ಅದರಲ್ಲೇ ಶಿಲೀಂಧ್ರ ಚಳಿ ಕಳೆಯುತ್ತದೆ. ಬಿದ್ದದ್ದನ್ನು ಆರಿಸಿ ತೆಗೆಯಿರಿ. ಚಳಿ ಮುಗಿಯುವ ಮುಂಚೆ ಮೇಲೆ 5 ಸೆಂ.ಮೀ. ಹೊಸ ಹೊದಿಕೆ ಹಾಕಿ.

ಕೊಯ್ಲು

ನೀಲಿಯಾದ ಕೂಡಲೇ ಕೀಳಬೇಡಿ. ತೊಟ್ಟು ಸೇರುವ ಜಾಗದ ಸುತ್ತ ಕೆಂಪು ಛಾಯೆ ಉಳಿದಿದ್ದರೆ ಇನ್ನೂ ಆಗಿಲ್ಲ ಎಂದರ್ಥ. ಬಣ್ಣ ಬಂದು ನಾಲ್ಕರಿಂದ ಏಳು ದಿನ ಬಿಡಿ. ಎಲಿಯಟ್, ಅರೋರಾಕ್ಕೆ ಇನ್ನೂ ಸ್ವಲ್ಪ ತಾಳ್ಮೆ ಬೇಕು. ಗೊಂಚಲ ಕೆಳಗೆ ಅಂಗೈ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಉರುಳಿಸಿ. ಮಾಗಿದ್ದು ತಾನಾಗಿ ಕೈಗೆ ಬೀಳುತ್ತದೆ, ಎಳೆದರೆ ಮಾತ್ರ ಬರುವುದು ಅಲ್ಲೇ ಇರಲಿ. ಕಿತ್ತ ಮೇಲೆ ಬ್ಲೂಬೆರಿ ಸಿಹಿಯಾಗುವುದಿಲ್ಲ. ನೊಣದ ಕಾಟ ಇರುವಲ್ಲಿ ಈ ತಾಳ್ಮೆಗೂ ಮಿತಿ ಇದೆ ಅಲ್ವಾ? ಅದಕ್ಕೇ ಬಲೆ ಬೇಕು ಅಂದದ್ದು.

ಮೇಲಿನ ಬಿಳಿ ಮೇಣದ ಪುಡಿ ಹಣ್ಣನ್ನು ಕಾಪಾಡುತ್ತದೆ, ತಿನ್ನುವ ಮುಂಚೆ ಮಾತ್ರ ತೊಳೆಯಿರಿ. ಕಿತ್ತ ಕೂಡಲೇ ಫ್ರಿಜ್‌ಗೆ ಹಾಕಿ. 1ರಿಂದ 2 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ ಒಳಗಿನ ಮೊಟ್ಟೆ, ಹುಳು ಬಹುತೇಕ ಸಾಯುತ್ತವೆ. ಎಲಿಯಟ್ ವಾರಗಟ್ಟಲೆ ಕೆಡದೆ ಇರುತ್ತದೆ. ಫ್ರೀಜರ್‌ಗಾದರೆ ತಟ್ಟೆಯಲ್ಲಿ ಒಂದೇ ಪದರ ಹರಡಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ.

ಪೂರ್ತಿ ಫಸಲಿಗೆ ಗಿಡ ಆರರಿಂದ ಎಂಟು ವರ್ಷ ತೆಗೆದುಕೊಳ್ಳುತ್ತದೆ. ಚೆನ್ನಾಗಿ ನೋಡಿಕೊಂಡ ಗಿಡದಿಂದ ಆಗ ವರ್ಷಕ್ಕೆ 3ರಿಂದ 5 ಕಿಲೋ ನಿರೀಕ್ಷಿಸಬಹುದು.

ಕೊನೆಗೂ ಹಸಿರು ಕಾಯಿ ಉಳಿದರೆ

ಹಿಮ ಬೀಳುವ ಹೊತ್ತಿಗೂ ಗಿಡದಲ್ಲಿ ಕಾಯಿ ಹಸಿರಾಗಿದ್ದರೆ ಅದನ್ನು ಕಿತ್ತು ಹಣ್ಣು ಮಾಡಲಾಗುವುದಿಲ್ಲ. ನೇರಳೆಗೆ ತಿರುಗಿದ್ದು ಒಳಗಿಟ್ಟರೆ ನೀಲಿಯಾಗುತ್ತದೆ, ಆದರೆ ಹುಳಿ ಹಾಗೇ ಇರುತ್ತದೆ. ಅದು ಜಾಮ್‌ಗೆ ಆದೀತು. ಮುಂದಿನ ಚಳಿಗಾಲ ಜಾಸ್ತಿ ಸವರಿ, ಹೂಮೊಗ್ಗು ಕಡಿಮೆ ಮಾಡಿ. ಜೊತೆಗೆ ಬೇರೆ ತಳಿ ಇಲ್ಲದಿದ್ದರೆ ಒಂದು ನೆಡಿ. ನೆರಳು ಬೀಳಿಸುವ ಕೊಂಬೆ ಇದ್ದರೆ ತೆಗೆಸಿ. ಇಷ್ಟು ಮಾಡಿದ ಮೇಲೂ ಎರಡು ಮೂರು ವರ್ಷ ಇದೇ ಆದರೆ ಆ ತಳಿಗೆ ನಿಮ್ಮಲ್ಲಿನ ಬೇಸಿಗೆ ಸಾಲುತ್ತಿಲ್ಲ. ಎಲಿಯಟ್ ಅಥವಾ ಅರೋರಾ ತೆಗೆದು ಆ ಜಾಗಕ್ಕೆ ಲಿಬರ್ಟಿ ಹಾಕಿ. ಪಿಎಚ್ ಸರಿಮಾಡಿದ ಮಣ್ಣು ಅಲ್ಲೇ ಇರುತ್ತದೆ, ಮತ್ತೆ ಮೊದಲಿನಿಂದ ಶುರುಮಾಡಬೇಕಿಲ್ಲ.